641ರ ಮಗ್ಗಿ ಮತ್ತು 429 ಕೋಟಿಯ ಒಂದು ಸಂಖ್ಯೆ

ನನಗೆ ತುಂಬಾ ಇಷ್ಟವಾದ ಸಂಖ್ಯೆ ಒಂದಿದೆ. 4294967297. ಓದಿ ಹೇಳಿದರೆ 429 ಕೋಟಿ 49 ಲಕ್ಷ 67 ಸಾವಿರದ 297. ಎರಡನ್ನು 32 ಸಲ ಬರೆದು ಗುಣಿಸಿ, ಬಂದದ್ದಕ್ಕೆ ಒಂದು ಕೂಡಿದರೆ ಇದು ಸಿಗುತ್ತದೆ.

1640ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಒಂದು ಸಾಲು ನೋಡಿದ: 3, 5, 17, 257, 65537. ಎರಡರ ಘಾತಕ್ಕೆ ಒಂದು ಕೂಡಿದ ಸಂಖ್ಯೆಗಳು ಇವು. ಘಾತಾಂಕ, ಅಂದರೆ ಎರಡನ್ನು ಎಷ್ಟು ಸಲ ಬರೆದು ಗುಣಿಸಬೇಕು ಅನ್ನುವುದು, 1, 2, 4, 8, 16 ಅಂತ ಇಮ್ಮಡಿಯಾಗುತ್ತಾ ಹೋಗುತ್ತದೆ. ಐದೂ ಅವಿಭಾಜ್ಯ, ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದವು. ಹಾಗಾದರೆ ಮುಂದಿನವೂ ಅವಿಭಾಜ್ಯವೇ ಅಂತ ಅವನು ನಂಬಿದ. ಐದಕ್ಕೆ ಐದೂ ಸರಿ ಬಂದರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ, ಅಲ್ವಾ? ಆದರೆ ಆರನೆಯದು ನಮ್ಮ 429 ಕೋಟಿ. 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಒಡೆದ: 641 × 6700417.

ಸುಮ್ನೆ ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಕೂತರೆ 641 ತಲುಪುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ಆಯ್ಲರ್ ಸಾಧಿಸಿ ತೋರಿಸಿದ ಒಂದು ನಿಯಮವಿದೆ. ಈ ಸಂಖ್ಯೆಯನ್ನು ಯಾವುದು ಭಾಗಿಸಿದರೂ, ಆ ಭಾಜಕವನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೇ ಪ್ರಯತ್ನಕ್ಕೇ ಸಿಕ್ಕಿಬಿಡುತ್ತದೆ! ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮಕ್ಕಳಿಗೆ ನಾವು ಮೂರು ಉದಾಹರಣೆ ತೋರಿಸಿ, "ಹೀಗೇ ಬರುತ್ತದೆ, ಸೂತ್ರ ಬರೆದುಕೊಳ್ಳಿ" ಅನ್ನುತ್ತೇವೆ. ಅದು ನನಗೆ ಸರಿ ಕಾಣುವುದಿಲ್ಲ. ಉದಾಹರಣೆ ಎಷ್ಟು ಸಿಕ್ಕರೂ ಅದು ಪುರಾವೆ ಆಗುವುದಿಲ್ಲ ಅನ್ನುವುದನ್ನು ಮಗು ಒಂದು ಸಲವಾದರೂ ತನ್ನ ಕೈಯಾರೆ ಲೆಕ್ಕ ಮಾಡಿ ನೋಡಬೇಕು. ಅದಕ್ಕೆ ಇದಕ್ಕಿಂತ ಒಳ್ಳೆಯ ಸಂಖ್ಯೆ ನನಗೆ ಗೊತ್ತಿಲ್ಲ. ಫರ್ಮಾನಂಥವನ ಊಹೆ ತಪ್ಪು ಅಂತ ತೋರಿಸಲು ಬೇಕಾಗಿರುವುದು ಒಂದು ಪೆನ್ಸಿಲ್, ಆರರ ಮಗ್ಗಿ, ನಾಲ್ಕರ ಮಗ್ಗಿ. ಅಷ್ಟೇ.

ಎಂಟನೇ ಕ್ಲಾಸಿನ ನನ್ನ ಅಕ್ಕನ ಮಗಳು ಇದನ್ನು ಟ್ಯೂಷನ್‌ನಲ್ಲಿ ಕೇಳಿದಾಗ, "ಅಷ್ಟು ದೊಡ್ಡದು ಪರೀಕ್ಷೆಗೆ ಬರಲ್ಲ" ಅಂದರಂತೆ. ನನಗೆ ಬೇಜಾರಾಯಿತು. ಭಾನುವಾರ ಚೌಕಳಿ ಹಾಳೆ ಕೊಟ್ಟು ಕೂರಿಸಿದೆ. ಒಂದರಿಂದ ಗುಣಿಸಿ 6700417 ಬರೆದಳು. ನಾಲ್ಕರಿಂದ 26801668, ಒಂದು ಮನೆ ಎಡಕ್ಕೆ. ಆರರಿಂದ 40202502, ಇನ್ನೊಂದು ಮನೆ ಎಡಕ್ಕೆ. ಕೂಡಿದರೆ 4294966297! ಸಾವಿರದ ಜಾಗದಲ್ಲಿ ಒಂದು ಕಡಿಮೆ. "ಮಾಮ, ನಿಮ್ಮ ಆಯ್ಲರ್ ತಪ್ಪು" ಅಂದಳು. ನಾನು ಏನೂ ಹೇಳಲಿಲ್ಲ. ಮತ್ತೆ ಬಲದಿಂದ ಬೆರಳಿಟ್ಟು ಬಂದಳು. ನೂರರ ಮನೆಯಲ್ಲಿ ನಾಲ್ಕು, ಆರು, ಎರಡು ಕೂಡಿ ಹನ್ನೆರಡು. ಕೈಯಲ್ಲಿದ್ದ ಆ ಒಂದನ್ನು ಬಿಟ್ಟಿದ್ದಳು. ಅಳಿಸಿ 7 ಬರೆದಳು. ಮುಖ ಅರಳಿತು.

"ಈ 6700417 ಇನ್ನೂ ಒಡೆಯುತ್ತಾ ಮಾಮ?" ಅಂತ ಕೇಳಿದಳು.

ಅದಕ್ಕೂ 64ರ ನಿಯಮವೇ ಸಾಕು, ಅದರ ವರ್ಗಮೂಲದವರೆಗೆ, ಅಂದರೆ 2588ರವರೆಗೆ ನೋಡಿದರೆ ಮುಗಿಯಿತು ಅಂತ ಮಾತ್ರ ಹೇಳಿದೆ. ಅದು ಅವಿಭಾಜ್ಯ ಅಂತ ಹೇಳಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿದ್ದಳು. 1153ರವರೆಗೆ ಬಂದಿದ್ದಾಳಂತೆ.