ಹತ್ತುವುದನ್ನು ತೋರಿಸಿದಿರಿ, ಇಳಿಯುವುದನ್ನು?

ಇವತ್ತು ಪೇಟೆಯಲ್ಲಿ ತೆಂಗಿನ ಮರ ಹತ್ತುವ ಮಷಿನ್ ಮಾರುವವರು ಬಂದಿದ್ದರು. ಅವರ ಹುಡುಗ ಸರಸರನೆ ಅರ್ಧ ಮರ ಹತ್ತಿ ತೋರಿಸಿದ. ಜಾರಿದರೆ ಹಿಡಿದುಕೊಳ್ಳುವ ಸುರಕ್ಷತಾ ಬೆಲ್ಟ್ ಸೊಂಟಕ್ಕೆ ಇಲ್ಲ. ಜನ ಚಪ್ಪಾಳೆ ತಟ್ಟಿದರು, ವಿಡಿಯೊ ಮಾಡಿಕೊಂಡರು. ಅವನು ಇಳಿಯುವ ಹೊತ್ತಿಗೆ ಎಲ್ಲರ ಮೊಬೈಲ್ ಜೇಬಿಗೆ ಹೋಗಿತ್ತು, ಈ ಕಡೆ ಬಿಲ್ ಬರೆಯುತ್ತಿದ್ದರು. ನನ್ನ ಪಕ್ಕ ನಿಂತಿದ್ದ ವಯಸ್ಸಾದ ಒಬ್ಬರು ಒಂದು ಮಷಿನ್ ತಗೊಂಡು ಆಟೋದಲ್ಲಿ ಹಾಕಿಕೊಂಡು ಹೋದರು. ಇಳಿಯುವುದು ಹೇಗೆ ಅಂತ ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ನನಗೆ ಇನ್ನೂ ಸಿಟ್ಟು ಹೋಗಿಲ್ಲ.

ಮಷಿನ್ ಬಗ್ಗೆ ನನ್ನದು ತಕರಾರಿಲ್ಲ. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತ ಎಂ.ಜೆ. ಜೋಸೆಫ್ ಮಾಡಿದ ಆ ಮಾದರಿಯನ್ನೇ ನಾನೂ ಬಳಸುವುದು, ತೋಟದ ಫೋಟೋಗಳಲ್ಲಿ ನೀವು ನೋಡಿದ್ದೀರಿ. ಎಂಥ ಒಳ್ಳೆಯ ಉಪಾಯ ಅದು! ಎಡಗಾಲಿಗೊಂದು, ಬಲಗಾಲಿಗೊಂದು ಚೌಕಟ್ಟು. ಎರಡಕ್ಕೂ ಮರವನ್ನು ಸುತ್ತುವ ಉಕ್ಕಿನ ಹಗ್ಗ. ಪೆಡಲ್ ಮೇಲೆ ಭಾರ ಬಿಟ್ಟರೆ ಹಗ್ಗ ಕಾಂಡವನ್ನು ಬಿಗಿಯಾಗಿ ಹಿಡಿಯುತ್ತದೆ. ಭಾರ ತೆಗೆದು ಕೈಹಿಡಿಯನ್ನು ಎತ್ತಿದರೆ ಸಡಿಲ ಬಿಡುತ್ತದೆ. ಒಂದು ಕಾಲು ಗಟ್ಟಿಯಾಗಿ ನಿಂತಿರಬೇಕು, ಇನ್ನೊಂದು ಸರಿಯಬೇಕು.

ಕೇಳಲು ಸುಲಭ. ಕೈಕಾಲಿಗೆ ರೂಢಿಯಾಗಲು ದಿನಗಳು ಬೇಕು. ಇಳಿಯುವುದಕ್ಕಂತೂ ಇನ್ನೂ ಜಾಸ್ತಿ. ಆ ಹೊತ್ತಿಗೆ ತೊಡೆ ನಡುಗುತ್ತಿರುತ್ತದೆ. ಹಗ್ಗ ಎಷ್ಟು ಸಡಿಲವಾಯಿತು ಅನ್ನುವುದು ಕಾಲಿಗೇ ಗೊತ್ತಾಗಬೇಕು. ಹೆದರಿದವರು ಮರವನ್ನು ತಬ್ಬಿಕೊಳ್ಳುತ್ತಾರೆ. ತಬ್ಬಿದ ಕೂಡಲೇ ಪೆಡಲ್ ಮೇಲಿನ ಭಾರ ಕಮ್ಮಿಯಾಗುತ್ತದೆ, ಹಗ್ಗದ ಹಿಡಿತವೂ ಹೋಗುತ್ತದೆ. ಗೊತ್ತಿದ್ದವರು ಪಕ್ಕದಲ್ಲಿ ನಿಂತು, ನಾಲ್ಕಡಿ ಎತ್ತರದಲ್ಲೇ ಮತ್ತೆ ಮತ್ತೆ ಹತ್ತಿಸಿ ಇಳಿಸಿ ಕಲಿಸಬೇಕಲ್ವಾ?

ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಮರ ಹತ್ತುವವರಿಗೆ ತರಬೇತಿ ಶುರು ಮಾಡಿದಾಗ 6 ದಿನ ಇಟ್ಟಿತು. ಸುಮ್ನೆ ಇಟ್ಟದ್ದಲ್ಲ. ಹತ್ತಿ ಇಳಿಯುವುದರ ಜೊತೆಗೆ ಮರದ ತಲೆ ಸ್ವಚ್ಛ ಮಾಡುವುದು, ರೋಗ, ಕೀಟ ಗುರುತಿಸುವುದು ಎಲ್ಲವನ್ನೂ ಕಲಿಸಿದರು. ಅಷ್ಟು ಪಾಠವನ್ನು ಪೇಟೆಯಲ್ಲಿ ಐದು ನಿಮಿಷಕ್ಕೆ ಮುಗಿಸಿ, ಮಷಿನ್ ಕೈಗೆ ಕೊಟ್ಟು ಕಳಿಸುವುದು ಯಾವ ನ್ಯಾಯ?

"ನಮ್ಮಜ್ಜ ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ದಿನವಿಡೀ ಹತ್ತುತ್ತಿದ್ದರು, ಅವರಿಗೆ ಯಾರು ತರಬೇತಿ ಕೊಟ್ಟಿದ್ದರು?" ಅಂತ ಕೆಲವರು ಕೇಳುತ್ತಾರೆ. ಅವರಪ್ಪ ಕೊಟ್ಟಿದ್ದರು! ಚಿಕ್ಕಂದಿನಿಂದ ಮರದ ಬುಡದಲ್ಲಿ ನಿಂತು ನೋಡಿ ನೋಡಿ ಕಲಿತವರು ಅವರು. ಅದು ವರ್ಷಗಟ್ಟಲೆಯ ತರಬೇತಿ. ಜೊತೆಗೆ, ಬೀಳದ ಅಜ್ಜಂದಿರ ಕತೆ ಮಾತ್ರ ನಾವು ಹೇಳುತ್ತೇವೆ. ನನ್ನ ಚಿಕ್ಕಪ್ಪ ಮರದಿಂದ ಬಿದ್ದವರು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಬೆಲ್ಟ್ ಹಾಕಿದವರನ್ನು ಪುಕ್ಕಲರು ಅಂತ ನಗುವವರನ್ನು ಕಂಡರೆ ನನಗೆ ತಡೆಯಲು ಆಗುವುದಿಲ್ಲ.

ಆ ಬೆಲ್ಟಿನ ಹಗ್ಗವನ್ನು ಮಷಿನ್‌ಗೆ ಕಟ್ಟಿದರೆ ಸಾಲದು. ಮರಕ್ಕೇ ಬೇರೆಯಾಗಿ ಸುತ್ತಿರಬೇಕು. ಮಷಿನ್ ಕೈಕೊಟ್ಟರೂ ಅದು ಹಿಡಿದುಕೊಳ್ಳಬೇಕು. ಉಕ್ಕಿನ ಹಗ್ಗದ ಒಂದೇ ಎಳೆ ಕಿತ್ತಿದ್ದರೂ ಬದಲಿಸಬೇಕು. ಕಾಂಡ ಒದ್ದೆಯಾಗಿದ್ದರೆ ಹೊಸಬರು ಹತ್ತಲೇಬಾರದು. ಇವತ್ತು ಇದರಲ್ಲಿ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಮಾರುವವರೇ, ದುಡ್ಡು ಎಣಿಸುವ ಮೊದಲು ತಗೊಂಡವರನ್ನು ನಿಮ್ಮ ಕಣ್ಣೆದುರೇ ಹತ್ತಿಸಿ, ಇಳಿಸಿ. ಬೆಲ್ಟ್ ಇಲ್ಲದೆ ಮಷಿನ್ ಮಾರಬೇಡಿ. ಈಗಾಗಲೇ ತಂದು ಅಟ್ಟದಲ್ಲಿ ಇಟ್ಟವರು ನನಗೆ ಮೆಸೇಜ್ ಮಾಡಿ. ಭಾನುವಾರ ಬೆಳಗ್ಗೆ ನಮ್ಮ ತೋಟಕ್ಕೆ ಬನ್ನಿ, ನೆಟ್ಟಗಿನ ಗಿಡ್ಡ ಮರಗಳಿವೆ. ಮಷಿನ್, ಬೆಲ್ಟ್ ಎರಡೂ ತನ್ನಿ. ಮಳೆ ಬಂದರೆ ಮುಂದಿನ ವಾರ.