ಶಿಫ್ಟ್ ಐದು ಸಲ ಒತ್ತಿದರೆ ಬರುವ ಆ ಬಾಕ್ಸ್

ಇವತ್ತು ದಾವಣಗೆರೆಯ ಒಂದು ಆನ್‌ಲೈನ್ ಸೆಂಟರ್‌ನಲ್ಲಿ ನೋಡಿದ್ದಕ್ಕೆ ಇನ್ನೂ ಸಿಟ್ಟು ಇಳಿದಿಲ್ಲ. ಒಬ್ಬ ಹುಡುಗ ತನ್ನ ಅರ್ಜಿ ತಾನೇ ಟೈಪ್ ಮಾಡುತ್ತಿದ್ದ. ಎಡಗೈಗೆ ಬಲವಿಲ್ಲ. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ಗೊತ್ತು, ದಾವಣಗೆರೆ ಅಂತ ಬರೆಯೋಕೆ ಶಿಫ್ಟ್ ಎರಡು ಸಲ ಬೇಕು. ದೀರ್ಘಕ್ಕೊಮ್ಮೆ, ಣಕ್ಕೊಮ್ಮೆ. ಇರುವ ಒಂದೇ ಕೈಯನ್ನು ಅಡ್ಡ ಹಿಡಿದು, ಹೆಬ್ಬೆರಳಲ್ಲಿ ಶಿಫ್ಟ್ ಅದುಮಿ, ಇನ್ನೊಂದು ಬೆರಳು ಚಾಚುತ್ತಿದ್ದ. ಹೆಬ್ಬೆರಳು ಜಾರಿದರೆ ಣ ಹೋಗಿ ನ ಬೀಳುತ್ತಿತ್ತು. ಮತ್ತೆ ಅಳಿಸು, ಮತ್ತೆ ಒತ್ತು.

ಶಿಫ್ಟ್ ಮೇಲಿಂದ ಮೇಲೆ ಬಿದ್ದಿದ್ದಕ್ಕೆ ಪರದೆ ಮೇಲೆ ಒಂದು ಬಾಕ್ಸ್ ಬಂತು. ಸೆಂಟರ್‌ನವರು ಕೈ ಹಾಕಿ ನೋ ಒತ್ತಿ, 'ಇದೊಂದು ಕಾಟ. ಏಳಪ್ಪಾ, ನಾನೇ ಹೊಡಿತೀನಿ' ಅಂದರು.

ಆ ಬಾಕ್ಸ್ ಇರುವುದೇ ಅಂಥ ಹುಡುಗನಿಗಾಗಿ ಕಣ್ರೀ! ಅದರ ಹೆಸರು ಸ್ಟಿಕಿ ಕೀಸ್. ಆನ್ ಮಾಡಿದರೆ ಶಿಫ್ಟ್ ಹಿಡಿದುಕೊಳ್ಳಬೇಕಿಲ್ಲ. ಒಮ್ಮೆ ಒತ್ತಿ ಬಿಟ್ಟು, ಆಮೇಲೆ ಅಕ್ಷರ ಒತ್ತಿದರೆ ಸಾಕು. ನಾನು ಮಧ್ಯೆ ಹೋಗಿ ಶಿಫ್ಟ್ ಐದು ಸಲ ಒತ್ತಿ ಯೆಸ್ ಕೊಟ್ಟೆ. ಉಳಿದ ಅರ್ಜಿ ಪೂರ್ತಿ ಅವನೇ ಬರೆದ.

ಎಲ್ಲಾ ಆ ಮಶೀನಿನೊಳಗೇ ಇದೆ. ಬೇರೆ ದುಡ್ಡು ಕೊಡಬೇಕಿಲ್ಲ. ಯಾರೂ ತೆರೆದು ನೋಡುವುದಿಲ್ಲ, ಅದೇ ನನ್ನ ಸಿಟ್ಟು. ಕೈ ನಡುಗಿ ಒಂದೇ ಅಕ್ಷರ ನಾಲ್ಕು ಸಲ ಬಿದ್ದರೆ ತಡೆಯೋಕೆ ಫಿಲ್ಟರ್ ಕೀಸ್ ಇದೆ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಎನ್‌ವಿಡಿಎ ಇದೆ. ಅದೊಂದನ್ನು ಮಾತ್ರ ಬೇರೆ ಇಳಿಸಿಕೊಳ್ಳಬೇಕು, ಆದರೆ ಬಿಟ್ಟಿಯಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ನಮ್ಮಪ್ಪ ಹತ್ತಿ ಮಿಲ್ಲಿನ ಸದ್ದಿನಲ್ಲಿ ದುಡಿದವರು. ಈಗ ಬಲಗಿವಿ ಮಾತ್ರ ಕೇಳುತ್ತದೆ. ಹೆಡ್‌ಫೋನ್ ಹಾಕಿ ರಂಗಗೀತೆ ಕೇಳಿದರೆ ಎಡಗಡೆ ಬರುವುದೆಲ್ಲಾ ಸುಮ್ನೆ ಹಾಳು. ಮೋನೋ ಆಡಿಯೋ ಆನ್ ಮಾಡಿಕೊಟ್ಟೆ. ಎರಡೂ ಕಡೆಯ ಸದ್ದು ಒಂದೇ ಕಿವಿಗೆ ಬಂತು. 'ಅರೆ, ಇದರಲ್ಲಿ ತಬಲಾನೂ ಇತ್ತಾ?' ಅಂದರು. ನನಗೆ ಅಳುವೇ ಬಂತು. ಇಷ್ಟು ವರ್ಷ ಅವರಿಗೆ ಅರ್ಧ ಹಾಡು ಯಾಕೆ?

'ಹತ್ತು ಜನ ಬಳಸುವ ಕಂಪ್ಯೂಟರ್, ಸೆಟ್ಟಿಂಗ್ ಬದಲಿಸಿದರೆ ಮುಂದಿನವರಿಗೆ ಕಷ್ಟ' ಅಂತೀರಾ? ಮತ್ತೆ ಐದು ಸಲ ಶಿಫ್ಟ್ ಒತ್ತಿದರೆ ಸ್ಟಿಕಿ ಕೀಸ್ ಆಫ್. ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಪರದೆ ದೊಡ್ಡದಾಗುತ್ತದೆ, ವಿಂಡೋಸ್ ಮತ್ತು ಎಸ್ಕೇಪ್ ಒತ್ತಿದರೆ ಮೊದಲಿನಂತೆ. ಇದರಲ್ಲಿ ಕಷ್ಟ ಎಲ್ಲಿದೆ? 'ನಾವೇ ಟೈಪ್ ಮಾಡಿಕೊಡ್ತೀವಲ್ಲ' ಅನ್ನುವುದು ಇನ್ನೂ ಜಾಸ್ತಿ ಕೋಪ ತರಿಸುತ್ತದೆ. ಹಾಗಾದರೆ ಪಾಸ್‌ವರ್ಡ್, ಓಟಿಪಿ, ಕಾಯಿಲೆಯ ವಿವರ ಎಲ್ಲಾ ಅವನು ನಾಲ್ಕು ಜನರ ಮುಂದೆ ಹೇಳಬೇಕು, ಅಲ್ವಾ? ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗ ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಸೆಂಟರ್ ನಡೆಸುವ ಗೆಳೆಯರು ಇದನ್ನು ಓದುವವರಲ್ಲಿ ಬಹಳ ಜನ ಇದ್ದೀರಿ. ನಾಳೆ ಬಾಗಿಲು ತೆರೆದ ಕೂಡಲೇ ವಿಂಡೋಸ್ ಕೀ ಜೊತೆ ಯು ಒತ್ತಿ. ಎನ್‌ವಿಡಿಎ ಒಂದು ಬಿಟ್ಟು ಇವೆಲ್ಲಾ ಒಂದೇ ಕಡೆ ಸಿಗುತ್ತವೆ. ಅರ್ಥವಾಗದಿದ್ದರೆ ಮೆಸೇಜ್ ಹಾಕಿ, ನಾನೇ ಬಂದು ತೋರಿಸುತ್ತೇನೆ.