ಮೇಲೆ ಓಕೆ, ಕೆಳಗೆ ಪ್ಲಾಟ್‌ಫಾರ್ಮ್

ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಜಗತ್ತಿನಲ್ಲೇ ಅತಿ ಉದ್ದದ್ದು ಅಂತ 2023ರಿಂದ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೇವೆ. ಮೊನ್ನೆ ನಮ್ಮ ಆಫೀಸಿನಲ್ಲಿ ಬಂದ ಒಂದು ಮೇಲ್ ಅದಕ್ಕಿಂತ ಉದ್ದ ಇತ್ತು ಅಂತ ನನ್ನ ಅನುಮಾನ.

ಮೇಲೆ 'ಓಕೆ' ಅಂತ ಎರಡಕ್ಷರ. ಕೆಳಗೆ ಮೂರು ತಿಂಗಳ ಪುರಾಣ. ಅವರು ಇವರಿಗೆ ಬರೆದದ್ದು, ಇವರು ಅವರಿಗೆ ಬರೆದದ್ದು, ಹನ್ನೊಂದು ಮಂದಿಯ ಸಹಿ. ಪ್ರತಿ ಸಹಿಯ ಕೆಳಗೂ 'ಪ್ರಿಂಟ್ ತೆಗೆಯುವ ಮೊದಲು ಮರಗಿಡ ನೆನೆಯಿರಿ' ಅನ್ನುವ ಬುದ್ಧಿಮಾತು. ನೆನೆದೆ. ಯಾವುದಕ್ಕೆ ಓಕೆ ಅಂತ ಮಾತ್ರ ತಿಳಿಯಲಿಲ್ಲ.

ಇದಕ್ಕೆ ನಿಯಮ ಇಲ್ಲವೇ? 1995ರಲ್ಲೇ ಬರೆದಿಟ್ಟಿದ್ದಾರೆ. ಇಂಟರ್ನೆಟ್ಟಿನಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ಆ ಕಡತದ ಹೆಸರು ಆರ್‌ಎಫ್‌ಸಿ 1855. ಉತ್ತರಿಸುವಾಗ ಮೂಲ ಮಾತು ಎಷ್ಟು ಬೇಕೋ ಅಷ್ಟೇ ಇಟ್ಟುಕೊಳ್ಳಿ, ಸಹಿ ನಾಲ್ಕು ಸಾಲು ದಾಟದಿರಲಿ ಅನ್ನುತ್ತದೆ. ಆಗ ಎಷ್ಟೋ ಜನ ನಿಮಿಷದ ಲೆಕ್ಕದಲ್ಲಿ ಇಂಟರ್ನೆಟ್ಟಿಗೆ ದುಡ್ಡು ಕಟ್ಟುತ್ತಿದ್ದರು. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅಂದರೆ ಕರ್ನಲ್, ಕಟ್ಟುವವರು ಇವತ್ತಿಗೂ ಕೋಡನ್ನು ಮೇಲ್‌ನ ಒಳಗೇ ಕಳಿಸುತ್ತಾರೆ. ಓದಿದವರು ಬೇಕಾದ ಸಾಲು ಉಳಿಸಿಕೊಂಡು ಅದರ ಕೆಳಗೇ ತಮ್ಮ ಮಾತು ಬರೆಯಬೇಕು. ಮೇಲೆ ಬರೆದರೆ ಬೈಸಿಕೊಳ್ಳುತ್ತಾರೆ. ನಮ್ಮಲ್ಲಿ ಡೇಟಾ ಅಗ್ಗ, ಬೈಯುವವರೂ ಇಲ್ಲ.

ಬೈಯುವವರು ಇಲ್ಲ ಅಂದೆನಲ್ಲ, ಅದೇ ದೊಡ್ಡ ವಿಚಿತ್ರ. ನಾನು ಬರೆದ ಕೋಡ್‌ನಲ್ಲಿ ತಪ್ಪಿದೆಯೇ ಅಂತ ನೋಡುವವನು, ಅಂದರೆ ರಿವ್ಯೂ ಮಾಡುವವನು, ಪಕ್ಕದ ಕುರ್ಚಿಯವನು. ವಿದ್ಯಾನಗರದ ಗಿರ್ಮಿಟ್ ಅಂಗಡಿಯಲ್ಲಿ ಉಳ್ಳಾಗಡ್ಡಿ ಕಮ್ಮಿಯಾದರೆ ಓಣಿಗೆಲ್ಲ ಕೇಳುವಂತೆ ಕೂಗುತ್ತಾನೆ. ಅದೇ ಮನುಷ್ಯ ಕೋಡ್ ರಿವ್ಯೂಗೆ ಕುಳಿತರೆ ವಿಲಾಯತಿಯಿಂದ ಈಗಷ್ಟೇ ಇಳಿದವನು. 'ಜಸ್ಟ್ ಎ ಥಾಟ್, ಈ ಹೆಸರು ಇನ್ನೂ ಕೊಂಚ ಸ್ಪಷ್ಟ ಆಗಬಹುದೇನೋ' ಅಂತ ಬರೆಯುತ್ತಾನೆ. ಅದರ ಹುಬ್ಬಳ್ಳಿ ಅರ್ಥ, 'ಏನ್ ಬರದೀಲೇ ಇದನ್ನ!' ಒಂದು ಖಾಲಿ ಜಾಗ ಜಾಸ್ತಿ ಆಗಿದ್ದಕ್ಕೆ 'ನಿಟ್', ಅಂದರೆ ಚಿಲ್ಲರೆ ತಪ್ಪು, ಅಂತ ಶುರು ಮಾಡಿ, ಕ್ಷಮೆ ಕೇಳಿ, ಕೊನೆಗೆ ನಗುಮುಖ. ಖಾಲಿ ಜಾಗ ತೆಗೆದೆ. ನಾನೂ ಥ್ಯಾಂಕ್ಸ್ ಹೇಳಿ ನಗುಮುಖ ಹಾಕಿದೆ. ಇದರಲ್ಲೇ ಎರಡು ದಿನ ಹೋಯಿತು.

ಆಮೇಲೆ ಆ 'ಓಕೆ' ಬಂತು. ಅವನದೇ. ಶುಕ್ರವಾರ ಸಂಜೆ ಬೇರೆ. ಕೋಡನ್ನು ಬಳಕೆಗೆ ಬಿಟ್ಟೆ, ಗಿರ್ಮಿಟ್ ತಿನ್ನಲು ಹೋದೆವು. ಮಿರ್ಚಿ ಕಚ್ಚುತ್ತಾ ಅವನು ಅಂದ:

"ಲೇ, ಬಿಲ್‌ನ್ಯಾಗ ಒಂದೂ ಐಟಮ್ ಇಲ್ಲಂದ್ರ ಏನಾಗ್ತೈತಿ? ಸೊನ್ನೀಲೆ ಭಾಗಿಸಾಕತ್ತೀಯಲ್ಲೋ! ಸರಿ ಮಾಡಿದೇನು?"

ಮಿರ್ಚಿ ಗಂಟಲಲ್ಲೇ ನಿಂತಿತು. "ಓಕೆ ಅಂತ ಬರದಿದ್ಯಲ್ಲೋ!"

"ಹೂಂ, ಉಳಿದದ್ದೆಲ್ಲ ಓಕೆ. ಅದನ್ನ ಕೆಳಗ ಬರದೀನಿ ನೋಡು."

ಎಣ್ಣೆ ಕೈಯಲ್ಲೇ ಮೊಬೈಲ್ ತೆಗೆದೆ. ಮೇಲ್ ಆ್ಯಪ್ ಕೆಳಗಿನದನ್ನೆಲ್ಲ ಮೂರು ಚುಕ್ಕಿಯೊಳಗೆ ಮಡಚಿಟ್ಟಿತ್ತು. ಬಿಡಿಸಿದೆ. ಎಳೆದೆ, ಎಳೆದೆ. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ಏಳನೇ ಸಹಿಗೂ ಎಂಟನೇ ಮರಕ್ಕೂ ನಡುವೆ ಸಿಕ್ಕಿತು: 'ಜಸ್ಟ್ ಎ ಥಾಟ್, ಇದನ್ನು ಸರಿ ಮಾಡದೆ ಬಿಡಬೇಡಿ.' ಪಕ್ಕದಲ್ಲಿ ನಗುಮುಖ.